ಸಬಕಾರ ಬಿದ್ದ ಮಣೆ

ಸೊಲ್ಲಾಪುರದ ಬಟ್ಟೆ ವ್ಯಾಪಾರಿ ಮಲಕಾಜಪ್ಪನ ಹಿರಿಮಗ ಕಲ್ಯಾಣಪ್ಪನಿಗೆ ತಮ್ಮನ ಹೆಸರು ಕೇಳಿದರೆ ಮೈಯೆಲ್ಲ ಉರಿ. ಅವನೇನು ಕೆಟ್ಟವನಲ್ಲ. ಆದರೆ ಹೊಟ್ಟೆಕಿಚ್ಚು ಒಳ್ಳೆಯವರನ್ನು ಬಿಟ್ಟದ್ದು ಯಾವಾಗ?

ತಮ್ಮ ರಾಚಪ್ಪ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಒಡೆದ ಬಕೆಟ್ಟು, ಡಬ್ಬಿ, ಹರಕು ಚೀಲ, ಸಿಕ್ಕ ಪ್ಲಾಸ್ಟಿಕ್ಕನ್ನೆಲ್ಲ ಒಟ್ಟಿಗೆ ಕರಗಿಸಿ ಊಟದ ಮಣೆ ಮಾಡುತ್ತಿದ್ದ. ಕೂತರೆ ಮಣೆ ಬಾಗುತ್ತಿತ್ತು. ಬಿಗಿ ಬರಲೆಂದು ನಾಗಣಸೂರಿನಿಂದ ತೊಗರಿಕಟ್ಟಿಗೆ ತರಿಸಿ, ಒಣಗಿಸಿ, ಹಿಟ್ಟು ಮಾಡಿ ಬೆರೆಸಿದ. ಬಾಗುವುದು ನಿಂತಿತು, ಆದರೆ ಹಿಟ್ಟು ಗಂಟುಗಟ್ಟಿದ ಕಡೆಯಲ್ಲೆಲ್ಲ ಮಣೆ ಬಿರಿಯತೊಡಗಿತು. ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಅವರ ಓಣಿಯಲ್ಲಿ ಇಂಥ ಹುಚ್ಚು ಇನ್ನೊಬ್ಬರಿಗಿರಲಿಲ್ಲ.

ಅಪ್ಪ ಮಾತ್ರ ಆ ಹುಚ್ಚಿಗೆ ಮರುಳಾಗಿದ್ದ. “ಐತವಾರ ಅಕ್ಕಲಕೋಟಿ ಬೀಗರು ಊಟಕ್ಕ ಬರತಾರ. ಹಣಮಂತಪ್ಪನವರು ಕುಂತ್ರೂ ಮಣಿ ಮುರೀಲಿಲ್ಲಂದ್ರ, ಅಂಗಡಿ ಗಾದಿ ಮ್ಯಾಲ ನನ್ನ ಬಾಜೂಕ ರಾಚಪ್ಪ ಕುಂದರತಾನ,” ಅಂದುಬಿಟ್ಟ.

ಹಣಮಂತಪ್ಪನವರು ಕಲ್ಯಾಣಪ್ಪನ ಮಾವ, ಎರಡು ಜೋಳದ ಚೀಲದಷ್ಟು ತೂಕದ ಆಸಾಮಿ. ಗಾದಿ ಹಿರಿಮಗನದು, ಅದು ಮನೆಯ ರೂಢಿ. ಕಲ್ಯಾಣಪ್ಪನಿಗೆ ಅನ್ನ ಸೇರಲಿಲ್ಲ. ಹಿಟ್ಟಿಗೆ ಜಾರುವಂಥದ್ದೇನಾದರೂ ಬಿದ್ದರೆ ಪ್ಲಾಸ್ಟಿಕ್ಕು ಹಿಡಿಯಲಾರದು ಎಂದು ಲೆಕ್ಕ ಹಾಕಿದ. ಶನಿವಾರ ತಮ್ಮ ಉಣ್ಣಲು ಹೋದಾಗ, ಹೆಂಡತಿಯ ಬಟ್ಟೆ ಒಗೆಯುವ ಸಬಕಾರದ ಇಡೀ ಬಿಲ್ಲೆ ತುರಿದು ಆ ಹಿಟ್ಟಿನಲ್ಲಿ ಕಲಸಿ ಬಂದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಐತವಾರ ಹಣಮಂತಪ್ಪನವರು ಆ ಹಿಟ್ಟಿನಿಂದಲೇ ಮಾಡಿದ ಹೊಸ ಮಣೆಯ ಮೇಲೆ ಧಪ್ಪನೆ ಕುಳಿತರು. ಕಲ್ಯಾಣಪ್ಪ ಕಿವಿ ನಿಮಿರಿಸಿದ. ಚಟ್ ಅನ್ನಲಿಲ್ಲ. ಮಾವ ಶೇಂಗಾ ಹೋಳಿಗೆಯ ಮೇಲೆ ಹೋಳಿಗೆ ಏರಿಸಿದರು, ತುಪ್ಪ ಬೇಡಿದರು, ಅತ್ತಿತ್ತ ಹೊರಳಾಡಿದರು. ಮಣೆ ಮಿಸುಕಲಿಲ್ಲ.

“ಗಂಟು ಒಂದೂ ಇಲ್ಲರಿ ಮಾಮಾ! ಅಚ್ಚಿನಿಂದ ತಾನ ಜಾರಿ ಬಂತು,” ಎಂದು ರಾಚಪ್ಪ ಬೆರಗಾದ. “ನಾ ಹೊಸಾದು ಏನೂ ಹಾಕಿಲ್ಲ. ಮತ್ತ ಇಂಥಾದ್ದು ಮಾಡೂದು ಹ್ಯಾಂಗ?”

ಹೇಗೆಂದು ಕಲ್ಯಾಣಪ್ಪನಿಗೆ ಗೊತ್ತು. ಹೇಳಿದರೆ ಜಾಣತನ ತನ್ನದು, ಕೇಡಿಗತನವೂ ತನ್ನದೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಿದ್ದ.

ಅಷ್ಟರಲ್ಲಿ ಹೆಂಡತಿ ಉಮಾಬಾಯಿ ಒಳಗಿನಿಂದ ಕೂಗಿದಳು: “ಏನ್ರಿ, ನಮ್ಮಪ್ಪನ ಧೋತರಕ್ಕ ತುಪ್ಪ ಬಿದ್ದದ. ನಿನ್ನಿ ಶೆಡ್ಡಿಗೆ ಸಬಕಾರ ಒಯ್ದ್ರಲ್ಲಾ, ಎಲ್ಲಿಟ್ಟೀರಿ?”

ರಾಚಪ್ಪ ಅಣ್ಣನ ಮುಖ ನೋಡಿದ, ಮಣೆ ನೋಡಿದ. ಅವನ ಕಣ್ಣು ಅರಳಿತು.

“ಅಣ್ಣಾ, ಸಬಕಾರ ಹಾಕಿದವ ನೀನ? ಹೇಳಿದ್ರ ನಾ ಬ್ಯಾಡ ಅಂತಿದ್ದೆ ಅಂತ ಸುಮ್ಮ ಹಾಕಿದಿ, ಹೌದಿಲ್ಲೋ? ಅಪ್ಪಾ, ಗಂಟು ಬಿಡಿಸಿದವ ಅಣ್ಣ. ಗಾದಿ ಅವಂದು!”

ಗಾದಿ ಸಿಕ್ಕಿತು. ಮರುದಿನವೇ ಕಲ್ಯಾಣಪ್ಪ ಅಪ್ಪನ ಪಕ್ಕ ಕುಳಿತ. ಬಂದ ಗಿರಾಕಿಗೆಲ್ಲ ಅಪ್ಪನದು ಒಂದೇ ಮಾತು:

“ನಮ್ಮ ರಾಚಪ್ಪನ ಮನಸ್ಸು ಎಷ್ಟು ದೊಡ್ಡದು ನೋಡ್ರಿ, ಕೈಗೆ ಬಂದ ಗಾದಿ ಅಣ್ಣಗ ಬಿಟ್ಟಕೊಟ್ಟ.”