ದಾರ ಇಟ್ಟಲ್ಲೇ ಇತ್ತು

ಗೆಳತಿ ಕುಲ್ಸುಂಬೀಯ ಶವ ಹೊತ್ತ ಜನಾಜಾ ಓಣಿ ತಿರುಗಿತು. ಹೆಗಲು ಕೊಟ್ಟವರ ಹಿಂದೆ ನಡೆದ ರೇಣುಕಾಳನ್ನು ಮುದುಕಿಯೊಬ್ಬಳು ರಟ್ಟೆ ಹಿಡಿದು ನಿಲ್ಲಿಸಿದಳು.

“ಹೆಣ್ಮಕ್ಕಳು ಮಣ್ಣಿಗೆ ಹೋಗಂಗಿಲ್ಲವ್ವ. ಒಳಗ ಬಾ.”

ಕುರುಗೋಡಿನ ಆ ಒಂದಂಕಣದ ಮನೆಯಲ್ಲಿ ಕುಲ್ಸುಂಬೀಯ ಮಗಳು ಮುನ್ನಿ ಗೋಡೆಗೊರಗಿದ್ದಳು. ಗೂಡಿನ ತುಂಬ ಹೊಸ ಕವನ ಸಂಕಲನಗಳು, ಎಲ್ಲವೂ ರೇಣುಕಾ ಗೆಳತಿಗೆ ತಂದುಕೊಟ್ಟವು. ಮೇಲಿದ್ದುದು ಜೀನ್ಸ್ ಹೊಲಿಯುವ ಹಚ್ಚೊಳ್ಳಿಯ ಹುಡುಗಿಯೊಬ್ಬಳ ಮೊದಲ ಪುಸ್ತಕ. ಸಾವಿನ ಮನೆಯಲ್ಲೂ ರೇಣುಕಾಳ ಕಣ್ಣು ಅದರ ಮೇಲೇ ಇತ್ತು.

ಗೆಳತಿಯರಿಬ್ಬರೂ ಇದ್ದ ಬಳ್ಳಾರಿಯ ಓದುಗರ ಕೂಟದಲ್ಲಿ ಒಂದು ರೂಢಿ. ಪುಸ್ತಕ ಓದಿರೆಂದು ಕೊಡುವವರು ಒಂದು ಕವಿತೆಗೆ ದಾರ ಇಟ್ಟು ಕೊಡಬೇಕು. ಓದಿದವರು ತಮಗೆ ನಾಟಿದ ಕವಿತೆಗೆ ಅದನ್ನು ಸರಿಸಬೇಕು. ಕೊಟ್ಟವರ ಜೊತೆ ಇನ್ನೊಬ್ಬರು ಒಪ್ಪಿದರಷ್ಟೇ ಪುಸ್ತಕ ಚರ್ಚೆಗೆ. ಈ ಹುಡುಗಿಯ ಪುಸ್ತಕವನ್ನು ಕೂಟದ ಉಪನ್ಯಾಸಕ ಸುಭಾಷ್ “ಇದು ಕಾವ್ಯ ಅಲ್ಲ, ಬರೀ ಒದರಾಟ” ಎಂದು ತಳ್ಳಿಹಾಕಿದ್ದ. ಜೀನ್ಸ್ ಹೊಲಿಯುವ ಕೈಗಳು ಮಾತಾಡಿದರೆ ಅಂಥವರಿಗೆ ಒದರಾಟ. ರೇಣುಕಾಳಿಗೆ ಉಳಿದಿದ್ದು ಕುಲ್ಸುಂಬೀಯ ಒಪ್ಪಿಗೆಯೊಂದೇ.

*

ಹೋದ ತಿಂಗಳು ಕುಲ್ಸುಂಬೀ ಆ ಪುಸ್ತಕ ಮೂಸಿ ನಕ್ಕಿದ್ದಳು.

“ನೀನ ಒಂದು ಓದಿ ಹೇಳಲೇ ರೇಣಿ. ನಿನ್ನ ದನಿಯಾಗ ಕೇಳ್ತೀನಿ.”

“ಯಾಕ, ನಿನಗ ಕಣ್ಣಿಲ್ಲೇನು? ಮೈಗಳ್ಳಿ. ನನ್ನ ಬಸ್ ಹೋಗ್ತೈತಿ.”

“ಹೋಗು ಹೋಗು. ಓದ್ತೀನಿ.”

*

ರೇಣುಕಾ ಪುಸ್ತಕ ತೆಗೆದಳು. ದಾರ ತಾನಿಟ್ಟಲ್ಲೇ ಇತ್ತು. ಇನ್ನೊಂದು ಬಿಚ್ಚಿದಳು. ಅದರಲ್ಲೂ ಸರಿದಿರಲಿಲ್ಲ.

“ಓದೇ ಇಲ್ಲಲ್ಲ ಆಕಿ,” ಎಂದಳು. ದನಿಯಲ್ಲಿ ಸಿಟ್ಟಿತ್ತು.

“ಹೆಂಗ ಓದಬೇಕಕ್ಕ?” ಮುನ್ನಿ ತಲೆ ಎತ್ತಿದಳು. “ಎರಡು ವರ್ಷ ಆತು, ಮಂದಿ ಮಸುಕು ಮಸುಕು ಕಾಣ್ತಿದ್ರು, ಅಕ್ಷರ ಕಾಣ್ತಿದ್ದಿಲ್ಲ. ಜೀನ್ಸ್ ಕಾರ್ಖಾನ್ಯಾಗ ಕರಿ ಬಟ್ಟಿಗೆ ಕರಿ ದಾರ ಹೊಲದು ಹೊಲದು ಕಣ್ಣು ಹೋದ್ವು. ಇನ್ನೊಂದು ಲೈಟ್ ಹಾಕ್ಸು ಅಂದ್ರ ಮಾಲಕ, ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾನೇನು ಅಂದ.”

“ನೀನರ ಓದಿ ಹೇಳಬಾರದೇನು?”

“ನಾ ಉರ್ದು ಸಾಲಿ ಕಲ್ತಾಕಿ. ಕನ್ನಡ ಮಾತಾಡಾಕ ಅಷ್ಟ ಬರ್ತೈತಿ.”

“ನನಗೊಂದು ಮಾತು ಹೇಳಬೇಕಿಲ್ಲೋ?”

“ಹೇಳಬ್ಯಾಡಂತ ಆಣಿ ಹಾಕಿದ್ಲು. ‘ಕಣ್ಣಿಲ್ಲ ಅಂದ್ರ ಪುಸ್ತಕ ತರೂದು ಬಿಡ್ತಾಳ. ಆಮ್ಯಾಲ ಬರೂದೂ ಬಿಡ್ತಾಳ’ ಅಂತಿದ್ಲು. ನೀವು ಬರೋ ದಿನ ಓದೋರಂಗ ಹಿಂಗ ಕುಂದರ್ತಿದ್ಲು, ನೋಡ್ರಿ.”

ಮುನ್ನಿ ಪುಸ್ತಕ ಇಸಿದುಕೊಂಡು ಹೊಸ್ತಿಲ ಮೇಲೆ ಕುಳಿತಳು. ತಾಯಿಯಂತೆ ತುಟಿ ಅಲುಗಿಸುತ್ತ ಸಾಲುಗಳ ಮೇಲೆ ಬೆರಳಾಡಿಸಿದಳು. ಉರ್ದು ಓದಿದ ಬೆರಳು ಪುಟದ ಬಲಗಡೆಯಿಂದ ಎಡಕ್ಕೆ ಸರಿಯುತ್ತಿತ್ತು. ರೇಣುಕಾ ತಿದ್ದಲಿಲ್ಲ. ಪಕ್ಕದಲ್ಲಿ ಕುಳಿತು, ಆ ಬೆರಳು ಕೊನೆಯ ಸಾಲಿಗೆ ಬರುವವರೆಗೂ ನೋಡಿದಳು.