ಒಂದು ಬೆರಳಷ್ಟು

ಮಿಣುಕುತ್ತಿಲ್ಲ, ಈಗಲೂ ಇಲ್ಲ, ಗಾಜಿನ ಮೇಲೆ ಕಟ್ಟಿದ ಮಂಜನ್ನು ಉಗುರಿನಿಂದ ಕೆರೆದು ತೈಮಿ ಮತ್ತೊಮ್ಮೆ ನೋಡಿದಳು, ಅಂಗಳದ ಆಚೆ ಸಾಲಿನಲ್ಲಿ ತಂಗಿಯ ಕಾರು ಹಿಮ ಹೊದ್ದು ನಿಂತಿದೆ, ಅದರ ಪಕ್ಕೆಯ ಪುಟ್ಟ ಹಸಿರು ದೀಪ, ಬ್ಯಾಟರಿ ಬಿಸಿಯಾಗುವಷ್ಟು ಹೊತ್ತೂ ಹತ್ತಿ ಆರಿ ಹತ್ತಿ ಆರಿ ಕಣ್ಣಿಗೆ ಕುಕ್ಕುವ ದೀಪ, ಕಾದು ಮುಗಿದ ಮೇಲೆ ನೆಟ್ಟಗೆ ಹತ್ತಿಕೊಂಡೇ ನಿಲ್ಲುವ ದೀಪ, ಇವತ್ತು ಸತ್ತು ಬಿದ್ದಿದೆ — ಒಂದು ಬೆರಳಷ್ಟು ಸಾಕಾಯಿತು, ಪೂರ್ತಿ ಕೀಳಲಿಲ್ಲ, ಪೂರ್ತಿ ಕಿತ್ತರೆ ಯಾರೋ ಕಿತ್ತರು ಎಂದಾಗುತ್ತದೆ, ಬೆರಳಷ್ಟೇ ಎಳೆದರೆ ಹಾಕಿದವಳ ಕೈಯೇ ಸರಿಯಿಲ್ಲ ಎಂದಾಗುತ್ತದೆ, ನಿನ್ನೆ ಸಂಜೆ ಕಸ ಎಸೆದು ಬರುವಾಗ ತಂಗಿ ಸಿರ್ಕಾಳ ಕಾರಿಗೆ ಕರೆಂಟು ಕೊಡುವ ಮೊಳಕಾಲೆತ್ತರದ ಕಂಬದ ಮುಂದೆ ಶೂ ದಾರ ಕಟ್ಟುವವಳಂತೆ ಬಗ್ಗಿ, ಮುಚ್ಚಳ ತೆಗೆದು, ಪ್ಲಗ್ಗನ್ನು ಬೆರಳಷ್ಟು ಹಿಂದಕ್ಕೆ. ವಠಾರದ ಎಲ್ಲ ಕರೆಂಟು ಕಂಬಗಳಿಗೂ ಒಂದೇ ಬೀಗದಕೈ ಹೊಂದುತ್ತದೆ, ಎಲ್ಲರಿಗೂ ಗೊತ್ತು, ಆದರೂ ಯಾರೂ ಇನ್ನೊಬ್ಬರ ಕಂಬ ಮುಟ್ಟುವುದಿಲ್ಲ, ಈ ಕೆಮಿಯಾರ್ವಿ ಊರಲ್ಲಿ ಇನ್ನೊಬ್ಬಳ ಗಂಡನನ್ನು ಮುಟ್ಟಿದವಳನ್ನು ಜನ ನಾಲ್ಕು ಚಳಿಗಾಲದಲ್ಲಿ ಮರೆತು ಕಾಫಿಗೆ ಕರೆಯುತ್ತಾರೆ, ಇನ್ನೊಬ್ಬರ ಕಂಬ ಮುಟ್ಟಿದವಳನ್ನು ಸತ್ತ ಮೇಲೂ ಮರೆಯುವುದಿಲ್ಲ. ಮುಟ್ಟಿದೆನಲ್ಲ, ಅವಳು ಅದನ್ನು ಮುಟ್ಟಿದಳು, ನಾನು ಇದನ್ನು, ಮೈನಸ್ ಮೂವತ್ತಾರು ತೋರಿಸುತ್ತಿರುವ ಉಷ್ಣಮಾಪಕವನ್ನು ನೋಡಿ ತೈಮಿಯ ಹೊಟ್ಟೆ ತಣ್ಣಗಾಯಿತು, ಒಂದು ದಿನ ಆಸ್ಪತ್ರೆಯಲ್ಲಿ ಮಲಗಿದವನನ್ನು ನೋಡಲು ಹೋಗುವುದು ತಡವಾಗಲಿ, ಅಂಗಳದಲ್ಲಿ ಕಾಲು ಬಡಿಯುತ್ತ ನಿಲ್ಲಲಿ, ಅಷ್ಟೇ ತಾನೆ ಕೇಳಿದ್ದು.

ಅಗೋ ಬಾಗಿಲು, ಸಿರ್ಕಾ, ಇಷ್ಟು ಬೇಗ? ದಿನಾ ಹತ್ತಕ್ಕೆ ಹೊರಡುವವಳು, ಇನ್ನೂ ಶಾಲೆಯ ಮಕ್ಕಳೇ ಹೊರಟಿಲ್ಲ, ಕೋಟಿನ ಗುಂಡಿ ತಪ್ಪಿ ಹಾಕಿದ್ದಾಳೆ, ಕೊರಳಲ್ಲಿ ಅದೇ ಬೂದು ಶಾಲು, ಥೂ, ನಿನ್ನೆ ಅದನ್ನೇ ಸುತ್ತಿಕೊಂಡು ಹಿಮ ಗೋರುತ್ತಿದ್ದಳು, ಅದನ್ನು ನೋಡದೇ ಇದ್ದಿದ್ದರೆ ಕಸದ ಚೀಲ ತೊಟ್ಟಿಗೆ ಹೋಗುತ್ತಿತ್ತು, ತೈಮಿ ಮನೆಗೆ ಬರುತ್ತಿದ್ದಳು, ಅಷ್ಟರಲ್ಲೇ ಮುಗಿಯುತ್ತಿತ್ತು — ಆ ಶಾಲು ಹೆಣೆದವಳು ತೈಮಿ, ಮದುವೆಯಾದ ಮೊದಲ ಚಳಿಗಾಲದಲ್ಲಿ, ಗಂಡ ಔಲಿಸ್‌ಗೆ ಅಂತ, ಅವನು ಅದನ್ನು ಕೊರಳಿಗೆ ಹಾಕಿದ್ದಕ್ಕಿಂತ ಬ್ಯಾಟರಿಗೆ ಹೊದಿಸಿದ್ದೇ ಹೆಚ್ಚು. ಆಗ ಕಂಬ ಎಲ್ಲಿತ್ತು, ಕೇಬಲ್ ಎಲ್ಲಿತ್ತು, ಚಳಿ ಬಿದ್ದ ಸಂಜೆ ಹಳೇ ಕಾರಿನ ಬ್ಯಾಟರಿ ಬಿಚ್ಚಿ, ಎದೆಗೆ ಅವಚಿಕೊಂಡು ತಂದು, ಒಲೆಯ ಪಕ್ಕ ಇಟ್ಟು, ಶಾಲು ಹೊದಿಸಬೇಕಿತ್ತು, ತೈಮಿ ಬ್ಯಾಟರಿ ಒಳಗೆ ತಂದ್ಯಾ ಅಂತ ಕೇಳುತ್ತಿದ್ದ, ತಾನು ಗಿರಣಿಯಿಂದ ತಡವಾಗಿ ಬಂದ ದಿನ ಬಾಗಿಲಲ್ಲೇ ನಿಂತು, ಮೀಸೆಯಲ್ಲಿ ಮಂಜು, ಹೆಂಡತಿ ಉಂಡಳೋ ಬಿಟ್ಟಳೋ ಕೇಳಲಿಲ್ಲ, ತಂದ್ಯಾ, ಹೊರಗಿದ್ರೆ ಸಾಯುತ್ತೆ ಅದು. ತಂದಿದ್ದೀನಿ ಮಾರಾಯ, ನನ್ನ ಹಾಸಿಗೆಯಲ್ಲೇ ಮಲಗಿಸಲಾ? ಮಲಗಿಸು, ನಿನಗಿಂತ ಬೆಚ್ಚಗಿರುತ್ತೆ. ನಗುತ್ತಿದ್ದರು, ಇಬ್ಬರೂ. ಆಮೇಲೆ ಕೋ-ಆಪ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು ಅಂತ ತಂಗಿ ಬಂದಳು, ಒಂದು ಚಳಿಗಾಲ ಇರ್ತೀನಿ ಅಕ್ಕ, ಇರು, ಜಾಗಕ್ಕೇನು, ಉಂಡ ಮನೆಗೆ ಎರಡು ಬಗೆಯುವವರು ಕಥೆಯಲ್ಲಿ ಇರ್ತಾರೆ ಅಂತ ತಿಳಿದಿದ್ದಳು ತೈಮಿ, ನಗುವವರು ಮೂವರಾದರು, ಬರಬರುತ್ತ ಇಬ್ಬರೇ ನಗತೊಡಗಿದರು, ಆ ಇಬ್ಬರಲ್ಲಿ ತೈಮಿ ಇರಲಿಲ್ಲ. ಊರು ಬಿಟ್ಟಾದರೂ ಹೋಗಿದ್ದರೆ! ಅಂಗಳ ದಾಟಿ ಎದುರು ಸಾಲಿಗೆ ಹೋದರು, ಔಲಿಸ್ ತನ್ನ ಬಟ್ಟೆಬರೆಯನ್ನು ಮಕ್ಕಳ ಜಾರುಬಂಡಿಯಲ್ಲಿ ಹೇರಿ ಎಳೆದುಕೊಂಡು ಹೋದ, ಇಡೀ ವಠಾರ ಪರದೆ ಸರಿಸಿ ನೋಡಿತು, ಶಾಲು ಮೇಲೆಯೇ ಇತ್ತು.

ಕಾರಿನ ಬಾಗಿಲು ಕಿರುಗುಟ್ಟಿತು, ಒಳಗಿನ ದೀಪ ಹತ್ತಿತು, ಅದಕ್ಕೆ ಬೇರೆಯೇ ಪುಟ್ಟ ಬ್ಯಾಟರಿ, ಸಿರ್ಕಾ ಒಂದು ಕಂಬಳಿಯನ್ನು ಮಡಚಿ ತನ್ನ ಸೀಟಿಗಲ್ಲ, ಪಕ್ಕದ ಸೀಟಿಗೆ ಹಾಸುತ್ತಿದ್ದಾಳೆ, ಅಂಗೈಯಿಂದ ಸವರಿ ಸುಕ್ಕು ತೆಗೆಯುತ್ತಿದ್ದಾಳೆ, ಯಾರನ್ನು ಕೂರಿಸಲಿಕ್ಕೋ, ಮುದುಕನನ್ನು ಮನೆಗೆ ತರುತ್ತಾಳೋ ಏನೋ, ಬರಲಿ, ಇನ್ನೊಂದು ಚಳಿಗಾಲ ಇವನ ಕೆಮ್ಮು ಕೇಳಿಸಲಿ. ಈಗ ಗುಂಡಿ ಒತ್ತುತ್ತಾಳೆ. ಒತ್ತಿದಳು. ಏನೂ ಇಲ್ಲ. ಅದೇ ಈ ಹೈಬ್ರಿಡ್ಡಿನ ಚಂದ, ಅರ್ಧ ಕರೆಂಟು ಅರ್ಧ ಪೆಟ್ರೋಲು, ಆದರೆ ಕರೆಂಟಿನ ಅರ್ಧ ಹೆಪ್ಪುಗಟ್ಟಿದರೆ ಪೆಟ್ರೋಲಿನ ಅರ್ಧವೂ ಏಳುವುದಿಲ್ಲ, ಗಂಡಹೆಂಡಿರಂತೆ ಒಟ್ಟಿಗೇ ಮಲಗುತ್ತವೆ, ಔಲಿಸ್ ಅದನ್ನು ಕೊಂಡು ತಂದ ದಿನ ವಠಾರದವರನ್ನೆಲ್ಲ ಕರೆದು, ಸದ್ದೇ ಇಲ್ಲ ನೋಡಿ, ಸದ್ದೇ ಇಲ್ಲ, ಅಂದಿದ್ದ, ಈಗ ನಿಜವಾಗಿ ಸದ್ದಿಲ್ಲ. ಸಿರ್ಕಾ ಇಳಿದಳು, ಕೇಬಲ್ ಹಿಡಿದು ಕಂಬದವರೆಗೆ ಬಂದಳು, ಬಗ್ಗಿದಳು, ಅಲ್ಲೇ ನಿಂತುಬಿಟ್ಟಳು, ಆಮೇಲೆ ಎರಡೂ ಕೈಯಿಂದ ಪ್ಲಗ್ಗನ್ನು ಒತ್ತಿದಳು, ಹಸಿರು ಹತ್ತಿತು, ಆರಿತು, ಹತ್ತಿತು — ಇನ್ನು ಒಂದು ಗಂಟೆ, ಕಡಿಮೆಯೆಂದರೂ, ತೈಮಿ ಪರದೆ ಬಿಟ್ಟು ಕಾಫಿಗೆ ನೀರಿಟ್ಟಳು, ಕೈ ಹಗುರವಾಗಿತ್ತು.

ಬಾಗಿಲು ಬಡಿದ ಸದ್ದು. ಇಷ್ಟು ವರ್ಷದಲ್ಲಿ ಈ ಬಾಗಿಲನ್ನು ಬಡಿಯದವಳು. ಹೊಸ್ತಿಲ ಮೇಲೆ ಸಿರ್ಕಾ, ಕಣ್ಣಿನ ರೆಪ್ಪೆಗಳೆಲ್ಲ ಬೆಳ್ಳಗೆ, ಅಕ್ಕ, ಅಂದಳು, ಆಸ್ಪತ್ರೆಯಿಂದ ಫೋನ್ ಬಂದಿತ್ತು, ಈಗಲೇ ಬನ್ನಿ ಅಂದ್ರು, ಮಧ್ಯಾಹ್ನದವರೆಗೆ ಇರೋದು ಅನುಮಾನ ಅಂತೆ. ಯಾರು ಇರೋದು, ಅಂತ ಕೇಳಿದಳು ತೈಮಿ, ಗೊತ್ತಿದ್ದೂ ಕೇಳಿದಳು, ಆ ಹೆಸರನ್ನು ತಂಗಿಯ ಬಾಯಲ್ಲಿ ಹೇಳಿಸಬೇಕಿತ್ತು, ಔಲಿಸ್, ಅಂದಳು ಸಿರ್ಕಾ, ಮಧ್ಯಾಹ್ನದವರೆಗೆ ಅಂದರೆ, ನಾನು ಒಂದು ದಿನ ತಡವಾಗಲಿ ಅಂದದ್ದು, ಈ ದಿನವಲ್ಲ, ಯಾವುದೋ ಒಂದು ದಿನ — ಕಾರು ಏಳ್ತಿಲ್ಲ ಅಕ್ಕ, ಬ್ಯಾಟರಿ ಸತ್ತ ಮೀನಿನ ಹಾಗೆ ತಣ್ಣಗೆ ಸೆಟೆದುಹೋಗಿದೆ, ಪ್ಲಗ್ಗು ಸರಿಯಾಗಿ ಕೂತಿರಲಿಲ್ಲ, ನಾನೇ ಹಾಕಿದ್ದು, ನನ್ನ ಕೈಗೆ ಬೆಂಕಿ ಬೀಳ. ಚಳಿಗೆ ಬೆರಳು ಮರಗಟ್ಟಿರುತ್ತೆ, ಆಗುತ್ತೆ ಬಿಡು, ಅಂದಳು ತೈಮಿ, ಎಷ್ಟು ಸಲೀಸಾಗಿ ಬಂತು ಆ ಮಾತು. ಟ್ಯಾಕ್ಸಿ? ಇರೋದೊಂದು, ಶಾಲೆ ಮಕ್ಕಳನ್ನ ತರೋಕೆ ಹಳ್ಳಿಗೆ ಹೋಗಿದೆ, ಆಸ್ಪತ್ರೆ ಇರೋ ರೊವಾನಿಯೆಮಿ ಮುಟ್ಟೋಕೇ ಒಂದು ಗಂಟೆ ಮೇಲೆ ಬೇಕು, ನಿನ್ನ ಕಾರು ಅಕ್ಕ — ನನ್ನ ಕಾರು. ಬೆಳಗಿನ ಜಾವದಿಂದ ಕಂಬದಲ್ಲಿ ಬಿಸಿಯಾಗುತ್ತಿದೆ, ಪೇಟೆಗೆ ಹೋಗಲೆಂದು ತೈಮಿ ಕಂಬದ ಗಡಿಯಾರ ತಿರುಗಿಸಿಟ್ಟಿದ್ದಾಳೆ, ಕೀಲಿ ಇದೇ ಏಪ್ರನ್ನಿನ ಜೇಬಿನಲ್ಲಿದೆ, ತೊಡೆಗೆ ಒತ್ತುತ್ತಿದೆ, ಹತ್ತು ನಡಿ ಅನ್ನಲು ಎರಡು ಪದ ಸಾಕು, ಬಾಯಿ ತೆರೆದಳು, ಬೂದು ಶಾಲಿನ ಅಂಚು ಕಣ್ಣಿಗೆ ಬಿತ್ತು, ತಾನೇ ಹಾಕಿದ ಹೆಣಿಗೆ, ಒಂದು ಕಡೆ ಕಣ್ಣು ತಪ್ಪಿದ್ದು ಹಾಗೇ ಇದೆ, ನನ್ನದೂ ಏಳಲ್ಲ ಕಣೆ, ಅಂದಳು, ನಿನ್ನೆಯಿಂದ ಹೀಟರು ಕೆಟ್ಟಿದೆ, ಹೊರಗೆ ಯಾಕೆ ನಿಂತು ಸಾಯ್ತೀಯ, ಬ್ಯಾಟರಿ ಕಾಯೋವರೆಗೆ ಕೂತ್ಕೊ, ಕಾಫಿ ಇದೆ.

ಸಿರ್ಕಾ ಕೂತಳು, ಅದೇ ಕುರ್ಚಿ, ಆ ಚಳಿಗಾಲ ಕೂರುತ್ತಿದ್ದ ಕುರ್ಚಿ, ಕಿಟಕಿಯ ಪಕ್ಕದ್ದು, ಏಲಕ್ಕಿ ಬನ್ನನ್ನು ಮುರಿದು ತಿನ್ನದೇ ಇಟ್ಟಳು, ಮುದುಕಿಯಾಗಿದ್ದಾಳೆ, ಕತ್ತಿನ ಚರ್ಮ ಕೋಳಿಯದ್ದಾಗಿದೆ, ಇದಕ್ಕೇನಾ ಅವನು ಜಾರುಬಂಡಿ ಎಳೆದದ್ದು, ತೈಮಿ ನಿಧಾನವಾಗಿ ಸುರಿದಳು, ನಿಧಾನವಾಗಿ ಸಕ್ಕರೆ ಡಬ್ಬಿ ಹುಡುಕಿದಳು, ಹಾಲು ಹಾಕ್ಲಾ, ಹಾಕು, ಈಗಲೂ ಹೇಳಬಹುದು, ಅಯ್ಯೋ ಒಂದ್ಸಲ ನನ್ನ ಕಾರು ನೋಡೇ ಬಿಡೋಣ ಅಂತ ಹೇಳಿದರೆ ಯಾರ ಮಾನವೂ ಹೋಗುವುದಿಲ್ಲ, ಹೇಳು, ಈ ಗುಟುಕು ಮುಗಿಯಲಿ, ಆಚೆ ಹಸಿರು ಹತ್ತುತ್ತಿದೆ ಆರುತ್ತಿದೆ, ಇನ್ನೊಂದು ಗುಟುಕು, ಅವನಿಗೆ ನನ್ನ ನೆನಪಾದರೂ ಇದೆಯಾ, ಇಲ್ಲದವನ ಹತ್ತಿರ ಇವಳು ಹೋದರೆಷ್ಟು ಬಿಟ್ಟರೆಷ್ಟು, ಇನ್ನೊಂದು — ಫೋನು. ಸಿರ್ಕಾ ಎದ್ದು ಗೋಡೆಯ ಕಡೆ ಮುಖ ಮಾಡಿ, ಹೌದು, ನಾನೇ, ಹೌದು, ಎಷ್ಟು ಹೊತ್ತಾಯ್ತು, ಸರಿ, ಥ್ಯಾಂಕ್ಸ್, ಥ್ಯಾಂಕ್ಸ್ ಅಂದಳು ಎರಡು ಸಲ, ಫೋನನ್ನು ಬನ್ನಿನ ತಟ್ಟೆಯ ಪಕ್ಕ ಇಟ್ಟಳು. ಹೋಗ್ಬಿಟ್ಟ, ಅಂದಳು. ಅಳಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತಳು, ತೈಮಿಗೆ ಆಗ ಹೊಳೆಯಿತು ಆ ಕಿಟಕಿಯಿಂದ ಏನೆಲ್ಲ ಕಾಣುತ್ತದೆ ಎಂದು, ಎದ್ದು ಪರದೆ ಎಳೆಯಬೇಕಿತ್ತು.

ನಿನ್ನ ಕಾರಿನ ಮೂತಿ ಮೇಲೆ ಹಿಮ ಇಲ್ಲ, ಅಂದಳು ಸಿರ್ಕಾ, ದನಿ ಏರಲಿಲ್ಲ, ಉಳಿದ ಕಾರುಗಳೆಲ್ಲ ಬೆಳ್ಳಗಿವೆ, ನಿನ್ನದೊಂದೇ ಕಪ್ಪಗಿದೆ, ಬಿಸಿಗೆ ಕರಗಿದೆ. ಹಾಗಾದ್ರೆ ಆ ಪ್ಲಗ್ಗೂ — ಅಂದಳು, ಪೂರ್ತಿ ಮಾಡಲಿಲ್ಲ, ತಲೆಯಾಡಿಸಿದಳು, ಇರಲಿ, ಕೇಳು, ನಾನೂ ಒಳ್ಳೆಯವಳಲ್ಲ, ಒಂದು ವಾರದಿಂದ ಅವನ ಬುದ್ಧಿ ನೆಟ್ಟಗಿರಲಿಲ್ಲ, ನನ್ನ ಗುರುತೇ ಇರಲಿಲ್ಲ, ನಿನ್ನನ್ನೇ ಕರೀತಿದ್ದ, ದಿನಾ ಹೋಗಿ ಕೇಳಿಸ್ಕೊಂಡು ಬಂದೆ, ನಿನಗೆ ಹೇಳಲಿಲ್ಲ, ಯಾಕೆ ಹೇಳಬೇಕು ಅಂತ ಹೇಳಲಿಲ್ಲ, ಇವತ್ತು ಫೋನ್ ಬಂದ ಮೇಲೆ ಸಾಕು ಅನ್ನಿಸ್ತು, ಕಾರು ಎಬ್ಬಿಸಿ ನಿನ್ನ ಕರ್ಕೊಂಡು ಹೋಗೋಣ ಅಂತ ಕಂಬಳಿನೂ ಹಾಸಿದ್ದೆ. ಕೊರಳಿನ ಶಾಲು ಬಿಚ್ಚಿದಳು, ಮಡಚಿದಳು, ಮೇಜಿನ ಮೇಲಿಟ್ಟಳು. ಏನು ಹೇಳ್ತಿದ್ದ, ಅಂತ ಕೇಳಬಾರದು, ತೈಮಿಗೆ ಗೊತ್ತು, ಕೇಳಬಾರದು, ಏನು ಹೇಳ್ತಿದ್ದ, ಅಂತ ಕೇಳಿದಳು. ಬಾಗಿಲಿಗೆ ಹೋದವಳು ಅಲ್ಲಿಂದಲೇ ಹೇಳಿದಳು, ಒಂದೇ ಮಾತು ಅಕ್ಕ, ಇಡೀ ದಿನ ಒಂದೇ, ತೈಮಿ ಬ್ಯಾಟರಿ ಒಳಗೆ ತಂದ್ಯಾ, ಹೊರಗಿದ್ರೆ ಸಾಯುತ್ತೆ ಅದು — ಬಾಗಿಲು ಮುಚ್ಚಿತು, ಚಳಿ ಒಳಗೆ ಬಂದು ಕಾಲಡಿ ಮಲಗಿತು, ಶಾಲು ಇನ್ನೂ ಬೆಚ್ಚಗಿತ್ತು, ತಂದ್ಯಾ, ತಂದ್ಯಾ, ಒಂದು ಬೆರಳಷ್ಟು, ಮಂಜು ಕೆರೆದ ಜಾಗದಲ್ಲಿ ಆ ಹಸಿರು, ಹತ್ತಿ, ಆರಿ, ಹತ್ತಿ, ಆರಿ, ಹತ್ತಿ, ಮತ್ತೆ ಆರಲಿಲ್ಲ.