ಹದಿನೇಳನೆಯ ಕಣ

ಐದನೇ ತರಗತಿಯಲ್ಲಿ ಇದ್ದದ್ದು ಹದಿನೇಳು ಮಕ್ಕಳು. ನಾಲ್ಕು ನಾಲ್ಕರಂತೆ ನಾಲ್ಕು ಸಾಲು ನಿಲ್ಲಿಸಿದರೆ ಹದಿನಾರು, ಮಿಕ್ಕಿದ್ದು ಒಂದು. ವಿಜ್ಞಾನದ ಟೀಚರ್‌ಗೆ ಈ ಲೆಕ್ಕ ಬಹಳ ಅನುಕೂಲವಾಗಿ ಒದಗಿಬಂದಿತ್ತು. ಅನುಕೂಲ ಎನ್ನುವುದು ಮನುಷ್ಯರನ್ನು ಎಷ್ಟು ನಯವಾಗಿ ಹಾಳುಮಾಡುತ್ತದೆ ಎಂದು ಆಕೆಗೆ ಆಗ ಹೊಳೆದಿರಲಿಲ್ಲ.

ಆಕೆ ಆ ಶಾಲೆಗೆ ಬಂದು ಒಂಬತ್ತು ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗುರುವಾರ ಪರಿವೀಕ್ಷಕರು ಬಂದು ಒಂದು ಪಾಠ ನೋಡುವವರಿದ್ದರು. ಉಳಿಯುವುದೋ ಗಂಟುಮೂಟೆ ಕಟ್ಟುವುದೋ ಅವರ ವರದಿಯ ಮೇಲೆ ನಿಂತಿತ್ತು. ಅದಕ್ಕೇ ಪುಸ್ತಕ ಬದಿಗಿಟ್ಟು ಮಕ್ಕಳನ್ನೇ ಕಣಗಳನ್ನಾಗಿ ಮಾಡಿದ್ದಳು. ಘನ ಎಂದರೆ ಭುಜಕ್ಕೆ ಭುಜ ತಾಗಿಸಿ, ಕೈ ಕೈ ಹಿಡಿದು, ನಿಂತಲ್ಲೇ ಸಣ್ಣಗೆ ನಡುಗಬೇಕು. ದ್ರವ ಎಂದರೆ ಕೈ ಬಿಡಬೇಕು, ಗುಂಪು ಬಿಡಬಾರದು, ಒಬ್ಬರ ಪಕ್ಕ ಒಬ್ಬರು ನುಸುಳಬೇಕು. ಅನಿಲ ಎಂದರೆ ಇಡೀ ಕೋಣೆ ನಿಮ್ಮದೇ. ಅನಿಲ ಮಾತ್ರ ಮಕ್ಕಳಿಗೆ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ, ಅದು ಅವರಿಗೆ ಹುಟ್ಟಿನಿಂದಲೇ ಬಂದಿತ್ತು.

ತೊಡಕು ಬಂದದ್ದು ಘನದಲ್ಲಿ. ಎರಡನೇ ಸಾಲಿನ ಒಬ್ಬ ಹುಡುಗಿಯ ಎರಡೂ ಕಡೆ ಒಂದೊಂದು ಮೊಳ ಜಾಗ ಬಿಟ್ಟೇ ಉಳಿದವರು ನಿಲ್ಲುತ್ತಿದ್ದರು. ಅವಳ ಅಮ್ಮ ಮೀನು ಶುಚಿಮಾಡುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಹುಡುಗಿ ಬೆಳಿಗ್ಗೆ ಅಮ್ಮನ ಜೊತೆ ಕೂತು ಹುರುಪೆ ಕೆರೆದು, ಸೋಪು ಹಚ್ಚಿ ಕೈ ತೊಳೆದು, ಅಲ್ಲಿಂದಲೇ ಶಾಲೆಗೆ ಓಡಿಬರುತ್ತಿದ್ದಳು. ಸೋಪು ತನ್ನ ಕೈಲಾದದ್ದು ಮಾಡುತ್ತಿತ್ತು, ವಾಸನೆ ಜಗ್ಗುತ್ತಿರಲಿಲ್ಲ. ಮಕ್ಕಳು ಮೂಗು ಮುರಿಯುತ್ತಿದ್ದರು. ಎಲ್ಲರೂ ಗುಂಡ ಎಂದು ಕರೆಯುವ ಹುಡುಗನನ್ನು ಅವಳ ಪಕ್ಕ ನಿಲ್ಲಿಸಿದರೆ ಅವನು ಅಂಗಿಯ ತೋಳನ್ನು ಬೆರಳು ಮುಚ್ಚುವಷ್ಟು ಎಳೆದುಕೊಂಡು, ಆ ಬಟ್ಟೆಯ ತುದಿಯನ್ನಷ್ಟೇ ಅವಳಿಗೆ ಹಿಡಿಯಲು ಕೊಟ್ಟ.

ಗದರಿಸಿ ನಿಲ್ಲಿಸಿದರೆ ಪರಿವೀಕ್ಷಕರ ಎದುರೇ ರಂಪವಾದೀತು. ಟೀಚರ್ ಅಳೆದೂ ಸುರಿದೂ ನೋಡಿದಳು. ಮಾರನೆಯ ದಿನ ಒಂದು ಕೆಂಪು ರಟ್ಟು ಕತ್ತರಿಸಿ ತಂದು ಆ ಹುಡುಗಿಯ ಕೈಗೆ ಕೊಟ್ಟಳು.

"ನೀನು ಶಾಖ. ನೀನು ಸುತ್ತ ಓಡಾಡಿದ್ರೆ ಇವರೆಲ್ಲ ಕರಗ್ತಾರೆ, ಇನ್ನೂ ಜೋರಾಗಿ ಓಡಿದ್ರೆ ಹಾರಿಹೋಗ್ತಾರೆ. ಎಲ್ಲರಿಗಿಂತ ದೊಡ್ಡ ಪಾತ್ರ ನಿಂದೇ."

ಹುಡುಗಿ ಹಿಗ್ಗಿ ಹೀರೇಕಾಯಿಯಾದಳು. ಸಾಲು ನೆಟ್ಟಗಾಯಿತು. ಟೀಚರ್ ಮನೆಗೆ ಹೋಗಿ ಅಕ್ಕನ ಮುಂದೆ ತನ್ನ ಉಪಾಯ ಹೇಳಿಕೊಂಡು ಬೀಗಿದಳು. ಅಕ್ಕ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ, "ಅಂತೂ ಆ ಮಗೂನ ಆಚೆ ನಿಲ್ಲಿಸಿ, ಅದಕ್ಕೊಂದು ಬಿರುದು ಕೊಟ್ಟೆ ಅನ್ನು," ಎಂದಳು.

"ನಿನಗೆ ಎಲ್ಲದರಲ್ಲೂ ಕೊಂಕು," ಎಂದು ಟೀಚರ್ ಸಿಡುಕಿ ಎದ್ದುಹೋದಳು. ಮಾತು ತಾಗಬೇಕಾದಲ್ಲೇ ತಾಗಿತ್ತು, ಇಲ್ಲದಿದ್ದರೆ ಅಷ್ಟು ಸಿಡುಕು ಯಾಕೆ ಬರಬೇಕು?

ಬುಧವಾರ ಕೊನೆಯ ಅಭ್ಯಾಸ. ದ್ರವ್ಯ ಎಂದರೇನು ಎಂದು ಕೇಳಿದ್ದಕ್ಕೆ ಮಕ್ಕಳು ಒಂದೇ ಉಸಿರಿಗೆ, "ಜಾಗ ಹಿಡಿಯೋದು, ತೂಕ ಇರೋದು," ಎಂದರು. ಕಲ್ಲು ದ್ರವ್ಯ, ನೀರು ದ್ರವ್ಯ, ಗಾಳಿಯೂ ದ್ರವ್ಯ. ಬೆಳಕು ಅಲ್ಲ, ಶಬ್ದ ಅಲ್ಲ, ಶಾಖ ಅಲ್ಲ. ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಹುಡುಗಿ ರಟ್ಟು ಒಪ್ಪಿಸಲು ಬಂದು ಮೇಜಿನ ಹತ್ತಿರವೇ ನಿಂತಳು.

"ಮಿಸ್, ಶಾಖ ಜಾಗ ಹಿಡಿಯಲ್ಲ ಅಲ್ವಾ?"

"ಇಲ್ಲ ಪುಟ್ಟಿ."

"ತೂಕಾನೂ ಇಲ್ಲ."

"ಇಲ್ಲ."

ಹುಡುಗಿಯ ದನಿಯಲ್ಲಿ ದೂರು ಇರಲಿಲ್ಲ. ಪಾಠದಲ್ಲಿ ಅರ್ಥವಾಗದ ಒಂದು ವಾಕ್ಯವನ್ನು ಕೇಳುವ ಹಾಗೆಯೇ ಕೇಳಿದಳು.

"ಅದಕ್ಕೇ ನನ್ನ ಶಾಖ ಮಾಡಿದ್ರಾ? ಅವರೆಲ್ಲ ದ್ರವ್ಯ, ನಾನೊಬ್ಬಳೇ ಅಲ್ಲ."

ಲೆಕ್ಕಕ್ಕೆ ಒಬ್ಬರು ಹೆಚ್ಚಾದರು ಎಂದು ತಿಪ್ಪೆ ಸಾರಿಸಲು ಹೊರಟ ಮಾತು ಟೀಚರ್ ನಾಲಿಗೆಯ ತುದಿಯಲ್ಲೇ ನಿಂತಿತು. ಹದಿನೇಳರಲ್ಲಿ ಯಾರು ಬೇಕಾದರೂ ಹೆಚ್ಚಾಗಬಹುದಿತ್ತು. ಗುಂಡ ಆಗಬಹುದಿತ್ತು. ಇವಳನ್ನೇ ಆರಿಸಿದ್ದು ತಾನು, ಮೂಗು ಮುರಿಯದೆ, ನಗುನಗುತ್ತ. ನಾಚಿಕೆಯಿಂದ ಆಕೆಯ ಕಿವಿ ಬಿಸಿಯಾಯಿತು.

"ನಾಳೆ ನೀನು ಸಾಲಲ್ಲಿ ನಿಲ್ತೀಯ," ಎಂದಳು.

"ಅವರು ಸರಿಯಾಗಿ ನಿಲ್ಲಲ್ಲ ಮಿಸ್. ನಿಮ್ಮ ಪಾಠ ಕೆಡುತ್ತೆ."

"ಕೆಡ್ಲಿ ಬಿಡು."

ಬಿಡು ಎಂದಷ್ಟು ಸುಲಭವಾಗಿ ಭಯ ಬಿಡುತ್ತದೆಯೇ? ಗುರುವಾರ ಪರಿವೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ಪೆನ್ನು ತೆಗೆದಾಗ ಆಕೆಯ ಬಾಯಿ ಒಣಗಿತ್ತು. ಆದರೂ ಮಕ್ಕಳ ಮುಂದೆ ನಿಂತು ಹೇಳಿದಳು.

"ನಾನೊಂದು ತಪ್ಪು ಮಾಡಿದ್ದೆ, ಇವತ್ತು ಸರಿ ಮಾಡ್ತೀನಿ. ನೀವು ಹದಿನೇಳು ಜನಾನೂ ಜಾಗ ಹಿಡೀತೀರಿ, ಹದಿನೇಳು ಜನಕ್ಕೂ ತೂಕ ಇದೆ. ಅದಕ್ಕೆ ಎಲ್ಲರೂ ಕಣಗಳು. ಶಾಖ ನಾನಾಗ್ತೀನಿ."

ಸಾಲು ಸೊಟ್ಟಗಾಯಿತು. ಹುಡುಗಿಯ ಎರಡೂ ಪಕ್ಕ ಅದೇ ಮೊಳ ಜಾಗ. ಪರಿವೀಕ್ಷಕರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

"ಅಲ್ಲೇನು ಮಧ್ಯೆ ಖಾಲಿ ಇದೆ? ಘನದಲ್ಲಿ ಕಣಗಳು ಒತ್ತಾಗಿರಬೇಕಲ್ವಾ?"

"ಇರಬೇಕು ಸರ್. ಇವರು ಇನ್ನೂ ಘನ ಆಗಿಲ್ಲ," ಎಂದಳು ಟೀಚರ್. ಅವರು ಏನೋ ಬರೆದುಕೊಂಡರು. ಕೆಲಸ ಹೋಯಿತು ಎಂದೇ ಆಕೆಗೆ ಅನ್ನಿಸಿತು.

ಹೋದದ್ದು ಹೋಗಲಿ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡತೊಡಗಿದಳು. ಟೀಚರೇ ಓಡುವುದನ್ನು ಮಕ್ಕಳು ಕಂಡಿರಲಿಲ್ಲ, ನಗು ತಡೆಯಲಾಗಲಿಲ್ಲ. ಕೈ ಬಿಟ್ಟರು, ನುಸುಳಿದರು, ಆಕೆ ಇನ್ನೂ ಜೋರು ಮಾಡಿದಾಗ ಕೋಣೆ ತುಂಬ ಚೆಲ್ಲಾಪಿಲ್ಲಿಯಾದರು. ಆ ಗಲಾಟೆಯಲ್ಲಿ ಯಾರ ಭುಜ ಯಾರಿಗೆ ತಾಗಿತೆಂದು ಯಾರೂ ನೋಡಲಿಲ್ಲ. ಆಮೇಲೆ ಆಕೆ ನಿಧಾನಿಸಿ, ನಿಂತು, "ತಣ್ಣಗಾಯ್ತು. ಹತ್ತಿರ ಇರೋರ ಕೈ ಹಿಡ್ಕೊಳ್ಳಿ," ಎಂದಳು.

ಗುಂಡ ಏದುಸಿರು ಬಿಡುತ್ತ ಪಕ್ಕಕ್ಕೆ ಕೈ ಚಾಚಿ ಸಿಕ್ಕಿದ್ದನ್ನು ಹಿಡಿದ. ಅದು ಅವಳ ಕೈ. ಅವನಿಗೆ ಗೊತ್ತಾಗುವ ಮೊದಲೇ ಅವಳಿಗೆ ಗೊತ್ತಾಯಿತು. ಸರಕ್ಕನೆ ಕೈ ಕಿತ್ತುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ಯಾರೂ ದೂರ ತಳ್ಳುವ ಮೊದಲೇ ತಾನಾಗಿ ಸರಿಯುವುದನ್ನು ಆ ಮಗು ಅಷ್ಟು ಚೆನ್ನಾಗಿ ಕಲಿತಿತ್ತು. ಟೀಚರ್ ಕಣ್ಣು ತುಂಬಿ ಬಂತು. ಹಿಡ್ಕೋ ಎಂದು ಗುಂಡನಿಗೆ ಹೇಳಬಹುದಿತ್ತು. ಹೇಳಿಸಿಕೊಂಡು ಹಿಡಿದ ಕೈ ಇವಳಿಗೆ ಬೇಡ ಎಂದು ಸುಮ್ಮನಿದ್ದಳು.

ಗುಂಡ ತನ್ನ ಖಾಲಿ ಕೈ ನೋಡಿದ, ಅವಳನ್ನು ನೋಡಿದ. ಅವನ ಮುಖ ಕೆಂಪಗಾಯಿತು.

"ಕೊಡೇ," ಎಂದ, ಸ್ವಲ್ಪ ಒರಟಾಗಿಯೇ. "ನೀನು ಬಿಟ್ರೆ ಘನ ಇಲ್ಲೇ ಒಡೆದುಹೋಗುತ್ತೆ."

ಇನ್ನೊಂದು ಪಕ್ಕದ ಹುಡುಗಿ ಇನ್ನೂ ಒಂದು ಮೊಳ ದೂರದಲ್ಲೇ ನಿಂತಿದ್ದಳು. ಇವಳು ಬೆನ್ನ ಹಿಂದಿನ ಕೈಯನ್ನು ಬಟ್ಟೆಗೆ ಒಂದು ಸಲ ಒರೆಸಿಕೊಂಡಳು, ಸಾಲದೆಂದು ಇನ್ನೊಂದು ಸಲ ಒರೆಸಿಕೊಂಡಳು, ಆಮೇಲೆ ಕೊಟ್ಟಳು.